ಆಬರ್ನ್ ಬೀದಿಯ ಹುಡುಗ

ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿರುವ ಜಾರ್ಜಿಯ ರಾಜ್ಯದ ರಾಜಧಾನಿ ಅಟ್ಲಾಂಟ. ಆ ನಗರದ ಆಬರ್ನ್ ಬೀದಿಯಲ್ಲಿ ಎರಡಂತಸ್ತಿನ ಮರದ ಮನೆಯೊಂದಿದೆ. ಇಂದು ಅದು ರಾಷ್ಟ್ರೀಯ ಸ್ಮಾರಕವೆಂದು ರಕ್ಷಿತವಾಗಿದೆ. 1929ನೆಯ ಇಸವಿ ಜನವರಿ 15ರಂದು ಆ ಮನೆಯಲ್ಲಿ ಗಂಡು ಮಗುವೊಂದು ಜನಿಸಿತು. ಮಗುವಿಗೆ ತಂದೆಯ ಹೆಸರನ್ನೇ ಇಟ್ಟರು: ಮೈಕೇಲ್ ಕಿಂಗ್. ತಂದೆ 1934ರಲ್ಲಿ ಜರ್ಮನಿಗೆ ಹೋಗಿಬಂದ ಮೇಲೆ, ಹದಿನಾರನೆಯ ಶತಮಾನದ ಧರ್ಮಸುಧಾರಕನ ಸ್ಮರಣೆಗಾಗಿ ತಮ್ಮ ಹೆಸರನ್ನೂ ಮಗನ ಹೆಸರನ್ನೂ ಮಾರ್ಟಿನ್ ಲೂಥರ್ ಎಂದು ಬದಲಾಯಿಸಿದರು. ಮುಂದೆ ಜಗತ್ತೆಲ್ಲ ತಿಳಿದದ್ದು ಈ ಎರಡನೆಯ ಹೆಸರನ್ನೇ.

ಆ ಮಗು ಹುಟ್ಟಿದ ನಾಡಿನ ಸ್ಥಿತಿಯನ್ನು ತುಸು ಅರಿಯದೆ ಅವನ ಬಾಲ್ಯದ ಕಥೆ ಅರ್ಥವಾಗದು. ಆಫ್ರಿಕದಿಂದ ಹಿಡಿದು ತಂದ ಕರಿಯ ಜನರನ್ನು ಗುಲಾಮರನ್ನಾಗಿಸಿ ಹತ್ತಿಯ ಹೊಲಗಳಲ್ಲಿ ದುಡಿಸುವ ಪದ್ಧತಿ ಅಮೆರಿಕದ ಅಂತರ್ಯುದ್ಧದ ಕೊನೆಗೆ, 1865ರಲ್ಲಿ, ಕಾನೂನಿನ ಮೂಲಕ ಅಳಿಯಿತು. ಆದರೆ ಗುಲಾಮಗಿರಿ ಹೋದೆಡೆಯಲ್ಲಿ ವರ್ಣಭೇದ ಬಂದು ನಿಂತಿತು. ಎರಡು ವರ್ಣದವರಿಗೂ ಸೌಕರ್ಯಗಳು ಸಮಾನವಾಗಿರುವುದಾದರೆ ಅವರನ್ನು ಪ್ರತ್ಯೇಕವಾಗಿ ಇಡುವುದು ತಪ್ಪಲ್ಲವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವೇ 1896ರಲ್ಲಿ ತೀರ್ಪಿತ್ತಿತು. ಸಮಾನತೆಯೆಂಬುದು ಕಾಗದದ ಮೇಲೆ ಉಳಿಯಿತು. ಪ್ರತ್ಯೇಕತೆಯೊಂದೇ ಬೀದಿಯಲ್ಲಿ ನಡೆಯಿತು. ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಬೇರೆ ಶಾಲೆ, ಬೇರೆ ರೈಲುಡಬ್ಬಿ, ನೀರು ಕುಡಿಯಲು ಬೇರೆ ನಲ್ಲಿ. ಬಸ್ಸಿನಲ್ಲಿ ಮುಂದಿನ ಪೀಠಗಳು ಬಿಳಿಯರಿಗೆ ಮೀಸಲು.

ಕಿಂಗ್ ಮನೆತನ ಬಡತನದಲ್ಲಿ ಬಳಲಿದ್ದಲ್ಲ. ತಾಯಿಯ ತಂದೆ ವಿಲಿಯಮ್ಸ್ ಅವರು 1894ರಿಂದ 1931ರಲ್ಲಿ ತೀರಿಕೊಳ್ಳುವವರೆಗೆ ಎಬೆನೆಜರ್ ಎಂಬ ಕ್ರೈಸ್ತ ಪ್ರಾರ್ಥನಾ ಮಂದಿರದ ಗುರುಗಳಾಗಿದ್ದರು. ಅವರ ತರುವಾಯ ಆ ಸ್ಥಾನ ಅಳಿಯನಿಗೆ ಬಂದಿತು. ತಾಯಿ ಆಲ್ಬರ್ಟ ವಿದ್ಯಾವಂತೆ, ಸೌಮ್ಯ ಸ್ವಭಾವದವರು. ಪ್ರಾರ್ಥನೆಯ ಹೊತ್ತಿನಲ್ಲಿ ಆರ್ಗನ್ ವಾದ್ಯವನ್ನು ನುಡಿಸುತ್ತಿದ್ದರು. ಒಬ್ಬ ಅಕ್ಕ, ಒಬ್ಬ ತಮ್ಮ, ಅಕ್ಕರೆಯ ಅಜ್ಜಿ. ಹಸಿವು ಆ ಮನೆಯ ಬಾಗಿಲನ್ನು ತಟ್ಟಲಿಲ್ಲ. ಆದರೆ ಹುಡುಗನಿಗೆ ಐದು ವರ್ಷವಾಗಿದ್ದಾಗ ದೇಶವೆಲ್ಲ ಆರ್ಥಿಕ ಕುಸಿತದಲ್ಲಿ ನರಳುತ್ತಿತ್ತು. ರೊಟ್ಟಿಗಾಗಿ ಬೀದಿಯಲ್ಲಿ ಸಾಲುಗಟ್ಟಿ ನಿಂತ ಜನರನ್ನು ಕಂಡು ಅವರೇಕೆ ಹಾಗೆ ನಿಂತಿದ್ದಾರೆಂದು ಅವನು ತಂದೆತಾಯಿಯರನ್ನು ಕೇಳಿದನಂತೆ. ಕಂಡದ್ದನ್ನು ಕಂಡಂತೆ ಒಪ್ಪಿಕೊಂಡು ಸುಮ್ಮನಾಗುವ ಮಗು ಅದಾಗಿರಲಿಲ್ಲ.

ತಂದೆಯ ಬಾಲ್ಯ ಮಾತ್ರ ಬೇರೆ ತೆರನಾಗಿತ್ತು. ಅವರು ಸ್ಟಾಕ್‌ಬ್ರಿಜ್ ಎಂಬ ಊರಿನ ಬಡ ಗೇಣಿದಾರನ ಮಗ. ಒಮ್ಮೆ ಬೆಳೆಯ ಲೆಕ್ಕ ತೀರಿಸಲು ತಂದೆಯೊಡನೆ ಭೂಮಾಲಿಕನ ಬಳಿಗೆ ಹೋಗಿದ್ದಾಗ, ಆ ಬಿಳಿಯ ಯಜಮಾನ ಲೆಕ್ಕದಲ್ಲಿ ವಂಚಿಸುತ್ತಿರುವುದನ್ನು ಗಮನಿಸಿ ಅವನೆದುರಿನಲ್ಲೇ ಬಾಯಿಬಿಟ್ಟು ಹೇಳಿದರು. ಯಜಮಾನ ಕೆರಳಿ ಕೂಗಾಡಿದ. ಅವನ ಮರ್ಜಿಯ ಮೇಲೆ ಬದುಕಬೇಕಾಗಿದ್ದ ತಂದೆ ಮಗನನ್ನೇ ಗದರಿಸಿ ಬಾಯಿ ಮುಚ್ಚಿಸಬೇಕಾಯಿತು. ಆ ಬಾಯಿ ಮುಚ್ಚಿಸಿಕೊಂಡ ನೋವು ಅವರಲ್ಲಿ ಕೊನೆಯವರೆಗೂ ಉಳಿದಿತ್ತೆಂದು ತೋರುತ್ತದೆ. ಹಳ್ಳಿಯನ್ನು ತೊರೆದು ಅಟ್ಲಾಂಟಕ್ಕೆ ಬಂದು, ವಯಸ್ಸು ಮೀರಿದ ಮೇಲೆ ಕೆಳ ತರಗತಿಯ ಪಾಠಗಳಿಂದ ತೊಡಗಿ, ಹಟದಿಂದ ಓದಿ 1930ರಲ್ಲಿ ಮೋರ್‌ಹೌಸ್ ಕಾಲೇಜಿನ ಪದವಿಯನ್ನು ಪಡೆದರು. ತಮ್ಮ ಮಕ್ಕಳು ಯಾರ ಮುಂದೆಯೂ ತಲೆತಗ್ಗಿಸಬಾರದೆಂಬುದು ಅವರ ಛಲ. ಶಿಸ್ತಿನಲ್ಲಿ ಬಹು ಕಠಿಣರು. ತಪ್ಪಿದರೆ ಚಾವಟಿಯ ಏಟು ತಪ್ಪುತ್ತಿರಲಿಲ್ಲ. ಏಟು ತಿಂದ ಮಾರ್ಟಿನ್ ಸದ್ದಿಲ್ಲದೆ ಕಣ್ಣೀರು ಸುರಿಸುತ್ತಿದ್ದ. ಅಜ್ಜಿ ಇನ್ನೊಂದು ಕೋಣೆಯಲ್ಲಿ ಅಳುತ್ತಿದ್ದಳು.

ಮನೆಯ ಎದುರಿಗೆ, ರಸ್ತೆಯ ಆಚೆ ಬದಿಗೆ, ಬಿಳಿಯನೊಬ್ಬನ ಅಂಗಡಿಯಿತ್ತು. ಅವನ ಮಗನೂ ಮಾರ್ಟಿನನೂ ಸರೀಕರು. ಮೂರು ವರ್ಷದವರಿದ್ದಾಗಿನಿಂದ ಇಬ್ಬರೂ ಒಟ್ಟಿಗೆ ಆಡಿದರು. ತನ್ನ ಗೆಳೆಯನ ಮೈಬಣ್ಣ ಬೇರೆಯೆಂಬುದು ಮಾರ್ಟಿನನ ಕಣ್ಣಿಗೆ ಬಿದ್ದಿರಬೇಕು. ಆದರೆ ಆ ಬಣ್ಣಕ್ಕೆ ಅರ್ಥವೊಂದಿದೆಯೆಂಬುದು ಗೊತ್ತಿರಲಿಲ್ಲ. ಆರು ವರ್ಷ ತುಂಬಿ ಶಾಲೆಗೆ ಸೇರುವ ಕಾಲ ಬಂದಿತು. ಒಬ್ಬ ಬಿಳಿಯ ಮಕ್ಕಳ ಶಾಲೆಗೆ, ಇನ್ನೊಬ್ಬ ಕರಿಯ ಮಕ್ಕಳ ಶಾಲೆಗೆ ಹೋಗಬೇಕಾಯಿತು. ಅಲ್ಲಿಗೆ ಆಟವೂ ಮೆಲ್ಲಮೆಲ್ಲನೆ ನಿಂತಿತು. ಇನ್ನು ಮುಂದೆ ನಿನ್ನೊಡನೆ ಆಡಬಾರದೆಂದು ತನ್ನ ತಂದೆ ಅಪ್ಪಣೆ ಮಾಡಿದ್ದಾನೆಂದು ಒಂದು ದಿನ ಆ ಗೆಳೆಯನೇ ಬಂದು ಹೇಳಿದ. ಜಗಳವಾಡಿರಲಿಲ್ಲ, ಆಟದಲ್ಲಿ ಮೋಸವಾಗಿರಲಿಲ್ಲ. ಕಾರಣ ಇಷ್ಟೆ: ಒಬ್ಬ ಬಿಳಿಯ, ಒಬ್ಬ ಕರಿಯ.

ಆ ರಾತ್ರಿ ಊಟದ ಮೇಜಿನ ಮುಂದೆ ಹುಡುಗ ವಿಷಯವನ್ನು ಎತ್ತಿದ. ತಂದೆತಾಯಿಯರಿಗೆ ಇದು ಹೊಸತಲ್ಲ. ತಮ್ಮ ಮಕ್ಕಳಿಗೆ ಎಂದಾದರೊಂದು ದಿನ ಹೇಳಲೇಬೇಕಾಗುವ ಮಾತು ಇದೆಂದು ಅಲ್ಲಿನ ಪ್ರತಿಯೊಂದು ಕರಿಯ ಸಂಸಾರವೂ ಅಂಜುತ್ತಲೇ ಕಾಯುತ್ತಿತ್ತು. ತಾಯಿ ಮಗನಿಗೆ ಗುಲಾಮಗಿರಿಯ ಕಥೆಯನ್ನೂ ಅಂತರ್ಯುದ್ಧದ ಕಥೆಯನ್ನೂ ವಿವರಿಸಿದರು. ಬೇರೆ ಬೇರೆ ಶಾಲೆ, ಬೇರೆ ಬೇರೆ ಬಾಗಿಲುಗಳೆಲ್ಲ ಮನುಷ್ಯರು ಮಾಡಿಕೊಂಡ ವ್ಯವಸ್ಥೆಯೇ ಹೊರತು ದೇವರು ಮಾಡಿದ್ದಲ್ಲವೆಂದು ತಿಳಿಸಿದರು. ಎಲ್ಲಕ್ಕಿಂತ ಮಿಗಿಲಾಗಿ, ಅವನು ಯಾರಿಗೂ ಕಡಮೆಯವನಲ್ಲವೆಂದು ಮನದಟ್ಟಾಗುವಂತೆ ಹೇಳಿದರು. ಹುಡುಗನಿಗೆ ಸಮಾಧಾನವಾಗಲಿಲ್ಲ. ಇನ್ನು ಮೇಲೆ ಬಿಳಿಯರೆಲ್ಲರನ್ನೂ ದ್ವೇಷಿಸುತ್ತೇನೆಂದು ಅವನು ಮನಸ್ಸಿನಲ್ಲಿಯೇ ನಿಶ್ಚಯಿಸಿದ. ದ್ವೇಷ ಸಲ್ಲದು, ಅವರನ್ನೂ ಪ್ರೀತಿಸುವುದು ಕ್ರೈಸ್ತನಾದವನ ಕರ್ತವ್ಯವೆಂದು ತಂದೆತಾಯಿಯರು ಮತ್ತೆ ಮತ್ತೆ ಬೋಧಿಸಿದರು. ಹಾಗಾದರೆ ತನ್ನನ್ನು ದ್ವೇಷಿಸುವ ಜನರನ್ನು ತಾನು ಪ್ರೀತಿಸುವುದಾದರೂ ಹೇಗೆ? ಇದು ಆರು ವರ್ಷದ ಹುಡುಗನ ಪ್ರಶ್ನೆ. ಇದಕ್ಕೆ ಆ ರಾತ್ರಿ ಉತ್ತರ ದೊರೆಯಲಿಲ್ಲ. ಬಹಳ ವರ್ಷಗಳವರೆಗೂ ದೊರೆಯಲಿಲ್ಲವೆಂಬುದೇ ಕಿಂಗ್ ಅವರ ಜೀವನದಲ್ಲಿ ಗಮನಿಸತಕ್ಕ ಅಂಶ. ಅವರು ಹುಟ್ಟಿನಿಂದಲೇ ಶಾಂತಮೂರ್ತಿಯೆಂದು ಚಿತ್ರಿಸುವವರು ಆ ಹುಡುಗನಿಗೂ ಅನ್ಯಾಯ ಮಾಡುತ್ತಾರೆ, ಅವನು ಪಟ್ಟ ಶ್ರಮಕ್ಕೂ ಅನ್ಯಾಯ ಮಾಡುತ್ತಾರೆ.

ತಾಯಿ ಮಾತಿನಿಂದ ಕಲಿಸಿದ್ದನ್ನು ತಂದೆ ನಡತೆಯಿಂದ ಕಲಿಸಿದರು. ಒಮ್ಮೆ ಮಗನಿಗೆ ಪಾದರಕ್ಷೆ ಕೊಡಿಸಲೆಂದು ಪೇಟೆಯ ಅಂಗಡಿಗೆ ಹೋದರು. ಇಬ್ಬರೂ ಮುಂದಿನ ಖಾಲಿ ಕುರ್ಚಿಗಳಲ್ಲಿ ಕುಳಿತರು. ಬಿಳಿಯ ಗುಮಾಸ್ತ ಬಂದು, ಹಿಂದಿನ ಸಾಲಿಗೆ ಹೋದರೆ ಸಂತೋಷದಿಂದ ತೋರಿಸುವುದಾಗಿ ಹೇಳಿದ. ಕುಳಿತ ಜಾಗ ಚೆನ್ನಾಗಿಯೇ ಇದೆಯೆಂದು ತಂದೆ ಉತ್ತರಿಸಿದರು. ಗುಮಾಸ್ತ ಒಪ್ಪಲಿಲ್ಲ. ಇಲ್ಲಿಯೇ ಕೊಳ್ಳುತ್ತೇವೆ, ಇಲ್ಲವಾದರೆ ಕೊಳ್ಳುವುದೇ ಇಲ್ಲವೆಂದು ಹೇಳಿ ತಂದೆ ಮಗನ ಕೈಹಿಡಿದು ಹೊರಗೆ ನಡೆದರು. ಹೊಸ ಪಾದರಕ್ಷೆಯಿಲ್ಲದೆ ಮನೆಗೆ ಮರಳಿದ ಆ ದಾರಿಯನ್ನು, ಈ ವ್ಯವಸ್ಥೆಯನ್ನು ತಾನೆಂದಿಗೂ ಒಪ್ಪುವುದಿಲ್ಲವೆಂದು ಸಿಟ್ಟಿನಿಂದ ಗೊಣಗುತ್ತ ನಡೆದ ತಂದೆಯನ್ನು ಕಿಂಗ್ ಕಡೆಯವರೆಗೂ ಮರೆಯಲಿಲ್ಲ. ಇನ್ನೊಮ್ಮೆ ಮೋಟಾರಿನಲ್ಲಿ ಹೋಗುತ್ತಿದ್ದಾಗ ತಂದೆ ರಸ್ತೆಯ ನಿಲುಗಡೆ ಗುರುತನ್ನು ಗಮನಿಸದೆ ಮುಂದೆ ಸಾಗಿದರು. ಪೊಲೀಸಿನವನು ತಡೆದು, ಬೆಳೆದ ಗಂಡಸನ್ನು ಹುಡುಗನೆಂದು ಸಂಬೋಧಿಸಿ ಪರವಾನಗಿ ಕೇಳಿದ. ಎಷ್ಟೇ ವಯಸ್ಸಾದ ಕರಿಯನನ್ನೂ ಹಾಗೆ ಕರೆಯುವುದು ಅಲ್ಲಿನ ರೂಢಿ. ತಂದೆ ಪಕ್ಕದಲ್ಲಿದ್ದ ಮಾರ್ಟಿನನನ್ನು ತೋರಿಸಿ, ಹುಡುಗನೆಂದರೆ ಇವನು, ತಾನು ಮನುಷ್ಯ, ಹಾಗೆ ಕರೆದ ಹೊರತು ತಾನು ಮಾತು ಕೇಳುವುದಿಲ್ಲವೆಂದು ಹೇಳಿದರು. ಪೊಲೀಸಿನವನು ತಬ್ಬಿಬ್ಬಾಗಿ ಚೀಟಿ ಬರೆದುಕೊಟ್ಟು ಹೊರಟುಹೋದ.

ಆದರೆ ತಂದೆ ಜೊತೆಯಲ್ಲಿಲ್ಲದ ವೇಳೆಗಳೂ ಉಂಟಷ್ಟೆ. ಮಾರ್ಟಿನನಿಗೆ ಎಂಟು ವರ್ಷವಾಗಿದ್ದಾಗ ಪೇಟೆಯ ಅಂಗಡಿಯೊಂದರಲ್ಲಿ ನಿಂತಿದ್ದನು. ಪರಿಚಯವೇ ಇಲ್ಲದ ಬಿಳಿಯ ಹೆಂಗಸೊಬ್ಬಳು, ತನ್ನ ಕಾಲನ್ನು ತುಳಿದವನು ಇವನೇ ಎಂದು ಬೈದು ಅವನ ಕೆನ್ನೆಗೆ ಬಾರಿಸಿದಳು. ಹುಡುಗ ತಿರುಗಿ ಏನೂ ಮಾಡಲಿಲ್ಲ, ಮಾಡುವಂತೆಯೂ ಇರಲಿಲ್ಲ.

1939ರ ಡಿಸೆಂಬರಿನಲ್ಲಿ ಇನ್ನೊಂದು ವಿಚಿತ್ರ ಪ್ರಸಂಗ ನಡೆಯಿತು. ಗುಲಾಮಗಿರಿಯ ಕಾಲದ ದಕ್ಷಿಣವನ್ನು ವೈಭವೀಕರಿಸುವ ‘ಗಾನ್ ವಿತ್ ದ ವಿಂಡ್’ ಎಂಬ ಚಲನಚಿತ್ರದ ಮೊದಲ ಪ್ರದರ್ಶನ ಅಟ್ಲಾಂಟದಲ್ಲಿ ಏರ್ಪಟ್ಟಿತು. ಅದರ ಸಲುವಾಗಿ ಬಿಳಿಯರು ನಡೆಸಿದ ಔತಣಕೂಟದಲ್ಲಿ ಎಬೆನೆಜರ್ ಮಂದಿರದ ಗಾಯಕವೃಂದವು ಗುಲಾಮರ ವೇಷ ತೊಟ್ಟು ಹಾಡಿತು. ಹಾಡಿದವರಲ್ಲಿ ಹತ್ತು ವರ್ಷದ ಮಾರ್ಟಿನನೂ ಇದ್ದನು. ಇದಕ್ಕೆ ಒಪ್ಪಿದ್ದಕ್ಕಾಗಿ ತಂದೆ ತಮ್ಮವರಿಂದಲೇ ಆಕ್ಷೇಪಣೆಗೆ ಗುರಿಯಾದರು. ಅಂಗಡಿಯಿಂದ ತಲೆಯೆತ್ತಿ ಹೊರನಡೆದ ತಂದೆ ಇಲ್ಲಿ ಹೇಗೆ ಮಣಿದರೋ! ಅಂಥ ವ್ಯವಸ್ಥೆಯೊಳಗೆ ಬದುಕುವವರಿಗೆ ಪ್ರತಿದಿನವೂ ನೆಟ್ಟಗೆ ನಿಲ್ಲುವುದು ಸಾಧ್ಯವಾಗುತ್ತಿರಲಿಲ್ಲ.

ಪ್ರೌಢಶಾಲೆಗೆ ಹೋಗಲು ಮಾರ್ಟಿನ್ ಊರಿನ ಇನ್ನೊಂದು ಕಡೆಗೆ ಬಸ್ಸಿನಲ್ಲಿ ಪ್ರಯಾಣ ಮಾಡಬೇಕಾಗಿತ್ತು. ಮುಂದಿನ ಪೀಠಗಳು ಖಾಲಿಯಿದ್ದರೂ ಕರಿಯರು ಹಿಂದೆ ಹೋಗಿ ನಿಲ್ಲಬೇಕು. ಅವನು ದೇಹವನ್ನು ಹಿಂದಕ್ಕೆ ಕೊಂಡೊಯ್ಯುತ್ತಿದ್ದನಾದರೂ ಮನಸ್ಸನ್ನು ಮಾತ್ರ ಮುಂದಿನ ಪೀಠದಲ್ಲಿಯೇ ಬಿಟ್ಟು ಹೋಗುತ್ತಿದ್ದನು. ಒಂದು ದಿನ ದೇಹವನ್ನೂ ಅಲ್ಲಿಗೆ ತರುವೆನೆಂದು ಅಂದುಕೊಳ್ಳುತ್ತಿದ್ದನು. 1944ರ ಏಪ್ರಿಲ್ ತಿಂಗಳಲ್ಲಿ ಜಾರ್ಜಿಯದ ಡಬ್ಲಿನ್ ಎಂಬ ಊರಿನಲ್ಲಿ ಭಾಷಣಸ್ಪರ್ಧೆಯೊಂದು ನಡೆಯಿತು. ಕರಿಯರನ್ನು ಆಗ ನೀಗ್ರೊಗಳೆಂದು ಕರೆಯುವುದು ವಾಡಿಕೆಯಾಗಿತ್ತು. ಹದಿನೈದು ವರ್ಷದ ಮಾರ್ಟಿನ್ ಆರಿಸಿಕೊಂಡ ವಿಷಯ ನೀಗ್ರೊಗಳು ಮತ್ತು ಸಂವಿಧಾನ. ಸಂವಿಧಾನ ಎಲ್ಲರಿಗೂ ಕೊಟ್ಟಿರುವ ಹಕ್ಕುಗಳ ಬಗೆಗೆ ಮಾತನಾಡಿ ಅಧ್ಯಾಪಿನಿಯೊಬ್ಬರ ಜೊತೆಯಲ್ಲಿ ರಾತ್ರಿ ಬಸ್ಸು ಹತ್ತಿದನು. ದಾರಿಯಲ್ಲಿ ಬಿಳಿಯ ಪ್ರಯಾಣಿಕರು ಹತ್ತಿದರು. ಚಾಲಕನು ಇಬ್ಬರಿಗೂ ಎದ್ದು ಜಾಗ ಬಿಡುವಂತೆ ಆಜ್ಞಾಪಿಸಿದನು. ತಡಮಾಡಿದರೆಂದು ಹೀನಾಯವಾಗಿ ಬೈದನು. ಏಳಬಾರದೆಂದೇ ಮಾರ್ಟಿನನ ಮನಸ್ಸು. ಅಧ್ಯಾಪಿನಿ ಕಾನೂನನ್ನು ಪಾಲಿಸಲೇಬೇಕೆಂದು ಒತ್ತಾಯಪಡಿಸಿದರು. ಅಟ್ಲಾಂಟದವರೆಗಿನ ಸುಮಾರು 90 ಮೈಲಿಗಳ ದಾರಿಯುದ್ದಕ್ಕೂ ಇಬ್ಬರೂ ನಿಂತೇ ಬಂದರು. ಬದುಕಿನಲ್ಲಿ ತಾನು ಅಷ್ಟು ಕೋಪಗೊಂಡದ್ದು ಬೇರೊಂದಿಲ್ಲವೆಂದು ಕಿಂಗ್ ಮುಂದೆ ಹೇಳಿಕೊಂಡಿದ್ದಾರೆ.

ಅದೇ ವರ್ಷದ ಬೇಸಗೆಯಲ್ಲಿ ಕಾಲೇಜಿನ ಶುಲ್ಕಕ್ಕೆ ಹಣ ಕೂಡಿಸಲು ಇತರ ವಿದ್ಯಾರ್ಥಿಗಳೊಡನೆ ಉತ್ತರದ ಕನೆಕ್ಟಿಕಟ್ ರಾಜ್ಯದ ಹೊಗೆಸೊಪ್ಪಿನ ತೋಟದಲ್ಲಿ ದುಡಿಯಲು ಹೋದನು. ಅಲ್ಲಿ ಕಂಡದ್ದು ಬೇರೊಂದು ಲೋಕ. ಯಾವ ಹೋಟೆಲಿಗಾದರೂ ಹೋಗಬಹುದು, ಎಲ್ಲಿಯಾದರೂ ಕುಳಿತುಕೊಳ್ಳಬಹುದು, ಬಿಳಿಯರ ಪಕ್ಕದಲ್ಲಿಯೇ ನಿಂತು ಪ್ರಾರ್ಥನೆ ಮಾಡಬಹುದು. ಹುಡುಗ ಬೆರಗಾಗಿ ಮನೆಗೆ ಕಾಗದ ಬರೆದನು. ವಾಷಿಂಗ್‌ಟನ್ನಿನವರೆಗೆ ರೈಲಿನಲ್ಲಿ ಇಷ್ಟಬಂದಲ್ಲಿ ಕುಳಿತು ಬಂದವನು ಅಲ್ಲಿಂದ ಮುಂದೆ ಕರಿಯರ ಡಬ್ಬಿಗೆ ಹೋಗಬೇಕಾಯಿತು. ಊಟದ ಡಬ್ಬಿಯಲ್ಲಿ ಅವನನ್ನು ಹಿಂದಿನ ಮೇಜಿನಲ್ಲಿ ಕೂರಿಸಿ, ಬಿಳಿಯರ ಕಣ್ಣಿಗೆ ಬೀಳದಂತೆ ಮುಂದೆ ತೆರೆಯೊಂದನ್ನು ಎಳೆದರು. ಆ ತೆರೆ ತನ್ನ ವ್ಯಕ್ತಿತ್ವದ ಮೇಲೆಯೇ ಬಿದ್ದಂತೆ ಅವನಿಗೆ ಅನಿಸಿತು. ಒಂದು ಬೇಸಗೆಯ ಸ್ವಾತಂತ್ರ್ಯವನ್ನು ಉಂಡುಬಂದವನಿಗೆ ಹಳೆಯ ಊಟ ಗಂಟಲಲ್ಲಿ ಇಳಿಯುವುದು ಹೇಗೆ?

ಆ ಸೆಪ್ಟೆಂಬರಿನಲ್ಲಿ ಮಾರ್ಟಿನ್ ಮೋರ್‌ಹೌಸ್ ಕಾಲೇಜನ್ನು ಸೇರಿದನು. ಅದರ ಅಧ್ಯಕ್ಷರು ಬೆಂಜಮಿನ್ ಮೇಸ್. ಗುಲಾಮರಾಗಿ ಹುಟ್ಟಿದವರ ಮಗನಾದ ಇವರಿಗೂ ನಮ್ಮ ನಾಡಿಗೂ ಒಂದು ನಂಟುಂಟು. 1937ರ ಜನವರಿಯಲ್ಲಿ ಮೈಸೂರಿನಲ್ಲಿ ನಡೆದ ಕ್ರೈಸ್ತ ಯುವಕರ ಸಂಘದ ವಿಶ್ವಸಮ್ಮೇಳನಕ್ಕೆ ಅವರು ಪ್ರತಿನಿಧಿಯಾಗಿ ಬಂದಿದ್ದರು. ಆ ಪ್ರವಾಸದಲ್ಲಿಯೇ ಗಾಂಧೀಜಿಯವರನ್ನು ಕಂಡು ಅಹಿಂಸೆಯ ವಿಷಯವಾಗಿ ದೀರ್ಘವಾಗಿ ಮಾತನಾಡಿದರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿದ್ದ ಒಂದು ಶಾಲೆಗೂ ಹೋದರು. ಅಲ್ಲಿಯ ಮುಖ್ಯೋಪಾಧ್ಯಾಯರು, ಅಮೆರಿಕದಲ್ಲಿ ಅಸ್ಪೃಶ್ಯನಾಗಿ ಹುಟ್ಟಿಯೂ ದೊಡ್ಡವರಾದವರು ಇವರೆಂದು ಮಕ್ಕಳಿಗೆ ಪರಿಚಯಿಸಿದರು. ಮೇಸ್ ಅವರಿಗೆ ಮೊದಲು ಆ ಮಾತು ಚುಚ್ಚಿತು. ಯೋಚಿಸಿದಾಗ ನಿಜವೆಂದು ತೋರಿತು. ಇಂಥ ಗುರುವಿನ ಮಾತುಗಳನ್ನು ಮಾರ್ಟಿನ್ ಕಾಲೇಜಿನ ಪ್ರಾರ್ಥನಾ ಸಭೆಗಳಲ್ಲಿ ನಾಲ್ಕು ವರ್ಷ ಕೇಳಿದನು. ಬಿಳಿಯ ವಿದ್ಯಾರ್ಥಿಗಳೂ ಇದ್ದ ಅಂತರಕಾಲೇಜು ಮಂಡಳಿಯೊಂದರಲ್ಲಿ ಕೆಲಸ ಮಾಡುತ್ತ, ಬಿಳಿಯರೆಲ್ಲರೂ ಒಂದೇ ತೆರನಲ್ಲವೆಂಬುದನ್ನು ಕಂಡುಕೊಂಡನು. ಆರನೆಯ ವಯಸ್ಸಿನಲ್ಲಿ ಮಾಡಿದ್ದ ದ್ವೇಷದ ನಿಶ್ಚಯ ಸಡಿಲವಾಗತೊಡಗಿದ್ದು ಆಗಲೇ. ಮುಂದೆ ಕ್ರೋಜರ್ ಧರ್ಮಶಾಸ್ತ್ರ ವಿದ್ಯಾಲಯದಲ್ಲಿ ಓದುತ್ತಿದ್ದಾಗ ಗಾಂಧೀಜಿಯವರನ್ನು ಕುರಿತ ಉಪನ್ಯಾಸವೊಂದನ್ನು ಕೇಳಿ, ಅವರ ಬಗೆಗಿನ ಪುಸ್ತಕಗಳನ್ನು ಕೊಂಡು ಓದಿದರು. ಪ್ರೀತಿಯೆಂಬುದು ಇಬ್ಬರು ವ್ಯಕ್ತಿಗಳ ನಡುವಿನ ಮಾತು ಮಾತ್ರವಲ್ಲ, ಒಂದು ಜನಾಂಗವೇ ಅದನ್ನು ಹೋರಾಟದ ಸಾಧನವನ್ನಾಗಿ ಹಿಡಿಯಬಹುದೆಂಬುದು ಅಲ್ಲಿ ಹೊಳೆಯಿತು.

ಓದಿನಲ್ಲಿ ಹೊಳೆದದ್ದಕ್ಕೆ ಬದುಕಿನಲ್ಲಿ ಪರೀಕ್ಷೆ ಬಂದದ್ದು ಅಲಬಾಮ ರಾಜ್ಯದ ಮಾಂಟ್‌ಗೊಮರಿಯಲ್ಲಿ. 1954ರಲ್ಲಿ ಕಿಂಗ್ ಅಲ್ಲಿಯ ಪ್ರಾರ್ಥನಾ ಮಂದಿರವೊಂದರ ಗುರುಗಳಾದರು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಮಹಿಳೆ ಬಸ್ಸಿನಲ್ಲಿ ಬಿಳಿಯನಿಗೆ ಜಾಗ ಬಿಡಲೊಪ್ಪದೆ ಬಂಧನಕ್ಕೊಳಗಾದರು. ಡಬ್ಲಿನ್ನಿನಿಂದ ನಿಂತುಕೊಂಡೇ ಬಂದಿದ್ದ ಹುಡುಗನಿಗೆ ಆಗ 26 ವರ್ಷ. ಊರಿನ ಕರಿಯರೆಲ್ಲ ಬಸ್ಸನ್ನು ಬಹಿಷ್ಕರಿಸಿದರು. ಕಿಂಗ್ ಅವರನ್ನು ನಾಯಕರನ್ನಾಗಿ ಆರಿಸಿದರು. 1956ರ ಜನವರಿ 30ರ ರಾತ್ರಿ ಅವರು ಸಭೆಯಲ್ಲಿದ್ದಾಗ ಮನೆಗೆ ಬಾಂಬು ಬಿದ್ದಿತು. ಮನೆಯಲ್ಲಿ ಪತ್ನಿ ಕೊರೆಟ್ಟ ಮತ್ತು ಮೂರು ತಿಂಗಳು ತುಂಬದ ಮಗಳು ಯೊಲಾಂಡ. ಪುಣ್ಯವಶಾತ್ ಇಬ್ಬರಿಗೂ ಏನೂ ಆಗಿರಲಿಲ್ಲ. ಕಿಂಗ್ ಓಡಿಬಂದಾಗ ಮನೆಯ ಮುಂದೆ ಕೆರಳಿದ ಜನ ನೆರೆದಿತ್ತು. ಕೆಲವರ ಕೈಯಲ್ಲಿ ಆಯುಧಗಳಿದ್ದವು. ಒಂದು ಮಾತು ಸಾಕಾಗಿತ್ತು, ಊರು ಹೊತ್ತಿ ಉರಿಯುತ್ತಿತ್ತು. ಒಡೆದ ಜಗಲಿಯ ಮೇಲೆ ನಿಂತು, ಆಯುಧಗಳನ್ನು ಮನೆಗೆ ಒಯ್ಯಿರಿ, ಬಿಳಿಯ ಸೋದರರನ್ನು ದ್ವೇಷಿಸಬೇಡಿರಿ ಎಂದು ಅವರು ಬೇಡಿಕೊಂಡರು. ಜನ ಚದರಿದರು.

ಆದರೆ ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಹೆಂಡತಿ, ಮಗು ಸಾಯಬಹುದಾಗಿತ್ತೆಂದು ನೆನೆದಾಗ ಒಳಗಿನಿಂದ ಕೋಪ ಏರಿಬಂದಿತು. ಜನರಿಗೆ ಹೇಳಿದ್ದನ್ನು ತಮಗೆ ತಾವೇ ಮತ್ತೊಮ್ಮೆ ಹೇಳಿಕೊಳ್ಳಬೇಕಾಯಿತು. ಆ ದಿನಗಳಲ್ಲಿ ಆತ್ಮರಕ್ಷಣೆಗೆ ಪಿಸ್ತೂಲನ್ನು ಇಟ್ಟುಕೊಳ್ಳಲು ಅವರು ಅನುಮತಿಯನ್ನೂ ಕೇಳಿದ್ದರು, ಸರ್ಕಾರ ಕೊಡಲಿಲ್ಲ. ಆಯುಧದ ಆಸರೆಯೇ ಬೇಡವೆಂಬ ನಿರ್ಧಾರಕ್ಕೆ ಬಂದದ್ದು ಆಮೇಲೆ. ಊಟದ ಮೇಜಿನ ಮುಂದೆ ಕೇಳಿದ ಪ್ರಶ್ನೆ ಇಪ್ಪತ್ತೊಂದು ವರ್ಷಗಳ ತರುವಾಯವೂ ಅವರನ್ನು ಬಿಟ್ಟಿರಲಿಲ್ಲ. ಬಹಿಷ್ಕಾರ 381 ದಿನ ನಡೆದು 1956ರ ಡಿಸೆಂಬರಿನಲ್ಲಿ ಗೆಲುವಿನಲ್ಲಿ ಮುಗಿಯಿತು. ಕಿಂಗ್ ಬಸ್ಸಿನ ಮುಂದಿನ ಪೀಠದಲ್ಲಿ ಕುಳಿತರು.

ಅಲ್ಲಿಂದ ಮುಂದಿನ ಕಥೆ ಜಗತ್ತಿಗೆ ಪರಿಚಿತವಾದುದು: 1959ರ ಭಾರತಯಾತ್ರೆ, 1963ರಲ್ಲಿ ಬರ್ಮಿಂಗ್‌ಹ್ಯಾಮಿನ ಸೆರೆವಾಸ, ಅದೇ ವರ್ಷ ವಾಷಿಂಗ್‌ಟನ್ನಿನಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಜನರ ಮುಂದೆ ಮಾಡಿದ ಭಾಷಣ, 1964ರಲ್ಲಿ ನಾಗರಿಕ ಹಕ್ಕುಗಳ ಕಾನೂನು, 35ನೆಯ ವಯಸ್ಸಿನಲ್ಲಿ ನೊಬೆಲ್ ಶಾಂತಿ ಪಾರಿತೋಷಕ, 1965ರಲ್ಲಿ ಮತದಾನದ ಹಕ್ಕಿನ ಕಾನೂನು. 1968ರ ಏಪ್ರಿಲ್ 4ರಂದು ಮೆಂಫಿಸ್ ನಗರದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರಿಗೆ 39 ವರ್ಷ.

ಈ ದೊಡ್ಡ ಘಟನೆಗಳ ನಡುವೆ ಸಣ್ಣದೊಂದು ಸಂಗತಿ ಸೇರಿಹೋಗಿದೆ. 1960ರಲ್ಲಿ ಕಿಂಗ್ ಸಂಸಾರಸಮೇತರಾಗಿ ಅಟ್ಲಾಂಟಕ್ಕೆ ಮರಳಿ, ತಂದೆಯ ಜೊತೆ ಎಬೆನೆಜರ್ ಮಂದಿರದಲ್ಲಿ ಗುರುಗಳಾಗಿದ್ದರು. ಆ ಊರಿನಲ್ಲಿ ಫನ್‌ಟೌನ್ ಎಂಬ ವಿನೋದವನವೊಂದಿತ್ತು. ಅದರ ಜಾಹೀರಾತನ್ನು ದೂರದರ್ಶನದಲ್ಲಿ ಕಂಡ ಯೊಲಾಂಡ ಅಲ್ಲಿಗೆ ಕರೆದೊಯ್ಯೆಂದು ಹಟ ಹಿಡಿದಳು. ಅಲ್ಲಿ ಕರಿಯ ಮಕ್ಕಳಿಗೆ ಪ್ರವೇಶವಿರಲಿಲ್ಲ. ಏನೇನೋ ನೆಪ ಹೇಳಿ ತಂದೆ ಮುಂದೂಡಿದರು; ಸಾವಿರಾರು ಜನರ ಮುಂದೆ ನಿರರ್ಗಳವಾಗಿ ಮಾತನಾಡುತ್ತಿದ್ದವರಿಗೆ ಈ ಒಂದು ಮಾತನ್ನಾಡಲು ನಾಲಿಗೆ ಏಳಲಿಲ್ಲ. ಕಡೆಗೆ ಹೇಳಲೇಬೇಕಾಯಿತು. ಮಗುವಿನ ಕಣ್ಣುಗಳಲ್ಲಿ ನೀರು ತುಂಬಿತು. ಅವಳಿಗೂ ಆಗ ಆರು ವರ್ಷ. ಬರ್ಮಿಂಗ್‌ಹ್ಯಾಮಿನ ಸೆರೆಮನೆಯಿಂದ 1963ರಲ್ಲಿ ಬರೆದ ಪತ್ರದಲ್ಲಿ, ಕರಿಯರು ಇನ್ನು ಕಾಯಲಾರರೇಕೆಂದು ವಿವರಿಸುವಾಗ ಕಿಂಗ್ ಈ ಕಣ್ಣೀರನ್ನು ನೆನೆದಿದ್ದಾರೆ.

ಕೆಲವು ಕಾಲದ ಮೇಲೆ ಫನ್‌ಟೌನ್ ಸದ್ದಿಲ್ಲದೆ ಎಲ್ಲ ಮಕ್ಕಳಿಗೂ ಬಾಗಿಲು ತೆರೆಯಿತು. ಕಿಂಗ್ ಮಗಳನ್ನು ಕರೆದುಕೊಂಡು ಹೋದರು. ಅಲ್ಲಿದ್ದ ಕೆಲವರು ಬಿಳಿಯರು ಅವರನ್ನು ಗುರುತಿಸಿ ಹತ್ತಿರ ಬಂದು, ಇವಳು ನಿಮ್ಮ ಮಗಳಲ್ಲವೆ ಎಂದು ವಿಚಾರಿಸಿದರು. ಕಿಂಗ್ ಹೌದೆಂದು ತಲೆಯಾಡಿಸಿದರು. ನೀವಿಬ್ಬರೂ ಬಂದದ್ದು ತಮಗೆ ಬಹಳ ಸಂತೋಷವೆಂದು ಅವರು ಹೇಳಿದ್ದನ್ನು ಹುಡುಗಿ ಪಕ್ಕದಲ್ಲಿ ನಿಂತು ಕೇಳಿದಳು.